ಜೊಲ್ಲುಗ್ರಂಥಿ ಕ್ಯಾನ್ಸರ್: ಕೆಐ-67 ನಂಬರ್ ನೋಡಿ ಮುಂದಿನದ್ದು ಹೇಳಬಹುದಾ?

ಕಾಫಿತೋಟ: ಚಿಕ್ಕಪ್ಪನ ಕಿವಿ ಕೆಳಗಿದ್ದ ಗಂಟು ಆಪರೇಷನ್ ಮಾಡಿ ತೆಗೆದರು. ಪರೋಟಿಡ್ ಗ್ರಂಥಿಯ (ಕಿವಿ ಹತ್ತಿರದ ಜೊಲ್ಲುಗ್ರಂಥಿ) ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಅನ್ನೋ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಇಂಟರ್‌ಮೀಡಿಯೆಟ್ ಗ್ರೇಡ್ (ಉಗ್ರತೆಯಲ್ಲಿ ಮಧ್ಯಮ ದರ್ಜೆ), ಕೆಐ-67 30% ಅಂತಿದೆ. ಮನೆಯವರೆಲ್ಲ ಆ 30 ಹಿಡಿದುಕೊಂಡು ಅಳುತ್ತಿದ್ದಾರೆ. ಅಷ್ಟು ಕೆಟ್ಟದ್ದಾ?

ಸ್ಲೈಡ್ ಸಾವಿತ್ರಿ: ನಾನು ಪ್ಯಾಥಾಲಜಿಯವಳು. ಕೆಐ-67 ಅನ್ನೋದು ವಿಭಜನೆಗೆ ಇಳಿದ ಕೋಶಗಳಲ್ಲಿ ಕಾಣುವ ಪ್ರೋಟೀನ್. ಬಣ್ಣ ಹಾಕಿ (ಸ್ಟೇನ್ ಮಾಡಿ) ನೋಡಿದಾಗ ಆ ಕೋಶಗಳ ನ್ಯೂಕ್ಲಿಯಸ್ ಕಂದು ಆಗುತ್ತದೆ, ಉಳಿದವು ನೀಲಿಯಾಗೇ ಇರುತ್ತವೆ. ನೂರರಲ್ಲಿ ಮೂವತ್ತು ಕಂದು ಅಂದರೆ ಈ ಕ್ಯಾನ್ಸರ್‌ನಲ್ಲಿ ಕಡಿಮೆ ಏನಲ್ಲ. ಇದು ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರುಕಳಿಸೋದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ.

ಅಡ್ಡಮಾತು: ಮೇಡಂ, ಎಣಿಸಿದ್ದು ಎಲ್ಲಿ? ಕಂದು ದಟ್ಟವಾಗಿರೋ ಜಾಗದಲ್ಲೋ, ಇಡೀ ಸ್ಲೈಡ್‌ನ ಸರಾಸರಿಯೋ? ಒಂದೇ ಗೆಡ್ಡೆಗೆ ಒಂದು ಲ್ಯಾಬ್ 15 ಅನ್ನಬಹುದು, ಇನ್ನೊಂದು 30 ಅನ್ನಬಹುದು. ಇಂಥ ನಂಬರ್‌ಗೆ ಸುಮ್ನೆ ಹೆದರಿಸೋದ್ಯಾಕೆ?

ಸ್ಲೈಡ್ ಸಾವಿತ್ರಿ: ಎಣಿಕೆಯಲ್ಲಿ ಏರುಪೇರು ಇದೆ, ಒಪ್ಪುತ್ತೇನೆ. ಆದರೆ ಗ್ರೇಡ್ ಏನು ಕಲ್ಲಿನಲ್ಲಿ ಕೊರೆದದ್ದಾ? ಮ್ಯೂಕೋಎಪಿಡರ್ಮಾಯ್ಡ್‌ಗೆ ಒಂದಕ್ಕಿಂತ ಜಾಸ್ತಿ ಗ್ರೇಡಿಂಗ್ ಪದ್ಧತಿ ಇವೆ. ಒಂದರಲ್ಲಿ ಲೋ ಆದದ್ದು ಇನ್ನೊಂದರಲ್ಲಿ ಇಂಟರ್‌ಮೀಡಿಯೆಟ್ ಆಗುತ್ತದೆ. ಗ್ರೇಡ್ ನಡುವೆ ತೂಗಾಡುವಾಗಲೇ ಕೆಐ-67 ಕೆಲಸಕ್ಕೆ ಬರೋದು.

ಓಪಿಡಿ ಡಾಕ್ಟ್ರು: ಇಬ್ಬರೂ ಒಂದೇ ಕ್ಯಾನ್ಸರ್ ಹಿಡಿದು ಮಾತಾಡುತ್ತಿದ್ದೀರಿ. ಜೊಲ್ಲುಗ್ರಂಥಿಯಲ್ಲಿ 20ಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್ ಬರುತ್ತವೆ, ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯಲ್ಲ. ಅಡಿನಾಯ್ಡ್ ಸಿಸ್ಟಿಕ್ ಅನ್ನೋ ಬಗೆ ನಿಧಾನವಾಗಿ ಬೆಳೆದು, ಹತ್ತು ವರ್ಷ ಆದಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಅದರಲ್ಲಿ ಸಿ-ಕಿಟ್ ಪ್ರೋಟೀನ್ ಬಹುತೇಕರಿಗೆ ಪಾಸಿಟಿವ್. ಅದನ್ನು ತಡೆಯುವ ಇಮಾಟಿನಿಬ್ ಕೊಟ್ಟು ನೋಡಿದರೆ ಗೆಡ್ಡೆ ಹೆಚ್ಚುಕಡಿಮೆ ಕುಗ್ಗಲೇ ಇಲ್ಲ. ಸ್ಯಾಲಿವರಿ ಡಕ್ಟ್ ಕಾರ್ಸಿನೋಮಾ ಅನ್ನೋ ಇನ್ನೊಂದು ಬಗೆಯ ಕಥೆ ಬೇರೆ. ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇದ್ದರೆ ಕೆಡುಕಾ ಅಂತ ಇನ್ನೂ ವಾದ ಇದೆ, ಆದರೆ ಇದ್ದವರಿಗೆ ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಕೊಡಬಹುದು. ಆಂಡ್ರೋಜನ್ ರಿಸೆಪ್ಟರ್ (ಗಂಡು ಹಾರ್ಮೋನ್ ಹಿಡಿಯುವ ಪ್ರೋಟೀನ್) ಇದ್ದರೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಔಷಧವೂ ಒಂದು ದಾರಿ.

ಅಡ್ಡಮಾತು: ಹಾಗಾದರೆ ಚಿಕ್ಕಪ್ಪನಿಗೂ ಹರ್-2, ಅದು ಇದು ಎಲ್ಲ ಮಾಡಿಸಿ ಅಂತೀರಾ? ಒಂದೊಂದು ಸ್ಟೇನ್‌ಗೂ ದುಡ್ಡು ಸುರೀಬೇಕಲ್ವಾ?

ಓಪಿಡಿ ಡಾಕ್ಟ್ರು: ಈಗ ಬೇಡ. ಕಾಯಿಲೆ ಹರಡಿದ್ದರೆ ಆಗ ಆ ಮಾತು. ಕಾಫಿತೋಟದವರೇ, ರಿಪೋರ್ಟಿನಲ್ಲಿ ಮಾರ್ಜಿನ್ (ಕತ್ತರಿಸಿದ ಅಂಚಿಗೂ ಗೆಡ್ಡೆಗೂ ನಡುವಿನ ಅಂತರ), ನರ, ಕುತ್ತಿಗೆ ಗಂಟುಗಳ ಬಗ್ಗೆ ಏನಿದೆ?

ಕಾಫಿತೋಟ: ಗಂಟುಗಳು ನೆಗೆಟಿವ್. ನರದ ಸುತ್ತ ಇಲ್ಲ. ಮಾರ್ಜಿನ್ 'ಕ್ಲೋಸ್, 1 ಮಿ.ಮೀ.' ಅಂತಿದೆ. ಅದನ್ನು ಯಾರೂ ಓದೇ ಇಲ್ಲ.

ಓಪಿಡಿ ಡಾಕ್ಟ್ರು: ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ರೇಡಿಯೇಷನ್ ಬೇಕಾ ಬೇಡವಾ ಅನ್ನೋದು ಹೆಚ್ಚಾಗಿ ಆ ಸಾಲಿನ ಮೇಲೆ ನಿಂತಿದೆ. ಟ್ಯೂಮರ್ ಬೋರ್ಡ್ (ಬೇರೆ ಬೇರೆ ವಿಭಾಗದ ಡಾಕ್ಟರುಗಳು ಸೇರಿ ಕೂತು ಚಿಕಿತ್ಸೆ ತೀರ್ಮಾನಿಸುವ ತಂಡ) ಇರುವ ಕಡೆ ತೋರಿಸಿ.

ಸ್ಲೈಡ್ ಸಾವಿತ್ರಿ: ಹೋಗುವಾಗ ಸ್ಲೈಡ್ ಜೊತೆ ಗೆಡ್ಡೆಯ ತುಂಡು ಇಟ್ಟ ಮೇಣದ ಬ್ಲಾಕ್ ಕೂಡ ಲ್ಯಾಬ್‌ನಿಂದ ಇಸ್ಕೊಳ್ಳಿ. ಕೆಐ-67 ಮತ್ತೆ ಸ್ಟೇನ್ ಮಾಡಿ ಎಣಿಸಬೇಕು ಅಂದರೂ ಅದೇ ಬೇಕು.