ಲಸಿಕೆ ಪ್ರಯೋಗದ ‘ಸ್ಪಾನ್ಸರ್’: ಪ್ರಾಯೋಜಕರೋ, ಮಾಡಿಸೋರೋ?

ಎಲ್ರಿಗೂ ನಮಸ್ಕಾರ. ಹೊಸ ಲಸಿಕೆಯ ಮೊದಲನೇ ಹಂತದ ಪ್ರಯೋಗಕ್ಕೆ ಬರೋರಿಗೆ ಒಂದು ಮಾಹಿತಿ ಹಾಳೆ ಕೊಡ್ತಾರಲ್ಲ, ಅಂಥದ್ದೊಂದನ್ನ ಕನ್ನಡಕ್ಕೆ ತರ್ತಾ ಕೂತಿದೀನಿ. ವಿಜ್ಞಾನದ ಪದಗಳೇನೂ ಕಾಡ್ಲಿಲ್ಲ, ಆಂಟಿಬಾಡಿ, ಡೋಸ್ ಅಂತ ಹಾಗೇ ಬರೆದ್ರೆ ಯಾರೂ ಬೈಯಲ್ಲ, ಕೈ ಕಟ್ಟಿಹಾಕಿದ್ದು ಸ್ಪಾನ್ಸರ್, ಕೊಲಾಬರೇಟರ್, ವಾಲಂಟಿಯರ್ ಅನ್ನೋ ಮೂರು ಸಾದಾ ಪದಗಳು.

ಸ್ಪಾನ್ಸರ್‌ಗೆ ಎಲ್ಲಾ ಕಡೆ ಪ್ರಾಯೋಜಕ ಅಂತಾನೇ ಬರೀತಾರೆ. ಆದ್ರೆ ಆ ಪದ ಕೇಳಿದ ತಕ್ಷಣ ನೆನಪಾಗೋದು ಟಿವೀಲಿ ಬರೋ ‘ಈ ಕಾರ್ಯಕ್ರಮದ ಪ್ರಾಯೋಜಕರು’ ಅನ್ನೋ ದನಿ, ಅಂದ್ರೆ ದುಡ್ಡು ಕೊಟ್ಟು ಹೆಸರು ಹಾಕಿಸ್ಕೊಂಡೋರು. ಇಲ್ಲಿ ಅರ್ಥ ಅದಲ್ಲ. ಐಸಿಎಚ್‌ನ ಜಿಸಿಪಿ ಮಾರ್ಗಸೂಚಿ (ಮನುಷ್ಯರ ಮೇಲಿನ ಔಷಧ ಪ್ರಯೋಗಗಳಿಗೆ ಇರೋ ಅಂತಾರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ಪ್ರಯೋಗ ಶುರು ಮಾಡೋದು, ನಿಭಾಯಿಸೋದು, ಹಣ ಹೊಂದಿಸೋದು ಇವುಗಳ ಹೊಣೆ ಹೊತ್ತೋರು ಸ್ಪಾನ್ಸರ್. ಹಣ ಬೇರೆ ಕಡೆಯಿಂದ ಬರ್ಬಹುದು, ಲಸಿಕೆ ತಯಾರಿಸೋರು ಇನ್ನೊಬ್ರು ಇರ್ಬಹುದು, ಹೊಣೆ ಮಾತ್ರ ಇವ್ರದ್ದು. 2020ರ ಮಾರ್ಚ್ 16ಕ್ಕೆ ಸಿಯಾಟಲ್‌ನಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಮೊದಲ ಡೋಸ್ ಕೊಟ್ರಲ್ಲ, 45 ಜನರಿಂದ ಶುರುವಾದ ಆ ಪ್ರಯೋಗದ ಸ್ಪಾನ್ಸರ್ ಮಾಡರ್ನಾ ಕಂಪನಿ ಅಲ್ಲ, ಸಾಂಕ್ರಾಮಿಕ ರೋಗಗಳ ಸಂಶೋಧನೆ ಮಾಡೋ ಅಮೆರಿಕ ಸರ್ಕಾರದ ಎನ್‌ಐಎಐಡಿ ಸಂಸ್ಥೆ. ಆಕ್ಸ್‌ಫರ್ಡ್ ಲಸಿಕೆಯ ಕತೆಯೂ ಹಾಗೇ, ಏಪ್ರಿಲ್ 23ಕ್ಕೆ ಮನುಷ್ಯರ ಮೇಲಿನ ಪ್ರಯೋಗ ಶುರುವಾದಾಗ ಸ್ಪಾನ್ಸರ್ ಆಗಿದ್ದು ಆ ವಿಶ್ವವಿದ್ಯಾಲಯವೇ, ಔಷಧ ಕಂಪನಿ ಆಸ್ಟ್ರಾಜೆನೆಕಾ ಜೊತೆ ಒಪ್ಪಂದ ಹೊರಬಿದ್ದಿದ್ದು ಅದೇ ತಿಂಗಳು 30ಕ್ಕೆ.

ತಮಾಷೆ ಅಂದ್ರೆ ಸಂಸ್ಕೃತದಲ್ಲಿ ಈ ಪದ ದಾರಿ ತಪ್ಪಿರಲಿಲ್ಲ. ಪಾಣಿನಿ ವ್ಯಾಕರಣದಲ್ಲಿ ಪ್ರಯೋಜಕ ಅಂದ್ರೆ ಕರ್ತೃವನ್ನ ಪ್ರೇರಿಸೋನು, ಅಂದ್ರೆ ಕೆಲಸ ‘ಮಾಡಿಸೋನು’. ಪ್ರಯೋಗ, ಪ್ರಾಯೋಜಕ, ಸಹಯೋಗ ಮೂರಕ್ಕೂ ಒಂದೇ ಯುಜ್ ಧಾತು ಬೇರೆ! ಕನ್ನಡದಲ್ಲಿ ಇದಕ್ಕೆ ‘ಇಸು’ ಪ್ರತ್ಯಯ ಇದ್ದೇ ಇದೆ, ಮಾಡು ಅನ್ನೋದು ಮಾಡಿಸು ಆಗುತ್ತಲ್ಲ ಹಾಗೆ. ಆಸ್ಪತ್ರೇಲಿ ಸೂಜಿ ಹಿಡಿಯೋ ತಂಡದ ಮುಖ್ಯಸ್ಥರು, ಅಂದ್ರೆ ಇನ್ವೆಸ್ಟಿಗೇಟರ್, ಪ್ರಯೋಗ ಮಾಡುವವರು, ಸ್ಪಾನ್ಸರ್ ಮಾಡಿಸುವವರು. ಎರಡೂ ಒಬ್ರೇ ಆಗಿರೋ ಸಂದರ್ಭಕ್ಕೆ ಇಂಗ್ಲಿಷ್‌ನೋರು ಎರಡು ಪದ ಅಂಟಿಸಿ ಸ್ಪಾನ್ಸರ್-ಇನ್ವೆಸ್ಟಿಗೇಟರ್ ಅಂತಾರೆ, ನಾವು ‘ಮಾಡಿಸಿ ಮಾಡುವವರು’ ಅಂದ್ರೆ ಮುಗೀತು.

ಇನ್ನು ಕೊಲಾಬರೇಷನ್. ಸಹಕಾರ ಅಂದ್ರೆ ‘ದಯವಿಟ್ಟು ಸಹಕರಿಸಿ’ ನೆನಪಾಗುತ್ತೆ, ಒಬ್ರು ಕೆಲಸ ಮಾಡ್ತಾರೆ ಇನ್ನೊಬ್ರು ಅಡ್ಡ ಬರಲ್ಲ ಅಷ್ಟೆ. ಸಹಭಾಗಿತ್ವ ಚೆನ್ನಾಗೇ ಇತ್ತು, ಆದ್ರೆ ನನ್ನ ಮೊದಲ ಕರಡಲ್ಲಿ ಪ್ರಯೋಗದಲ್ಲಿ ಭಾಗವಹಿಸೋರಿಗೂ ಸಹಭಾಗಿ ಅಂತಾನೇ ಬರೆದುಬಿಟ್ಟಿದ್ದೆ, ‘ಸಹಭಾಗಿಗಳಿಗೆ ಜ್ವರ ಬಂದರೆ ಕೂಡಲೇ ತಿಳಿಸಿ’ ಅಂತ ಓದ್ಕೊಂಡು ಯಾವ ಕಂಪನಿಗೆ ಜ್ವರ ಬಂತಪ್ಪಾ ಅಂತ ನಾನೇ ನಕ್ಕೆ. ಸಹಯೋಗ ಪರವಾಗಿಲ್ಲ, ಆದ್ರೆ ಕರೆಯೋಲೆಗಳಲ್ಲಿ ‘ಇವರ ಸಹಯೋಗದೊಂದಿಗೆ’ ಅಂತ ಹಾಕೀ ಹಾಕೀ ಅದರ ತೂಕ ಹೋಗಿದೆ. 2014ರ ಕೊನೇಲಿ ಎಬೋಲಾ ಲಸಿಕೆಯ ಮೊದಲ ಹಂತದಲ್ಲಿ ನಡೆದದ್ದು ಬರೀ ಹೆಸರಿಗೆ ಇರೋ ಸಹಯೋಗ ಅಲ್ಲ ನೋಡಿ. ಲಸಿಕೆ ಕೆನಡಾ ಸರ್ಕಾರದ ಪ್ರಯೋಗಾಲಯದ್ದು, ಸಮನ್ವಯ ವಿಶ್ವ ಆರೋಗ್ಯ ಸಂಸ್ಥೆಯದ್ದು, ಪ್ರಯೋಗ ನಡೆದದ್ದು ಜಿನೀವಾ, ಹ್ಯಾಂಬರ್ಗ್, ಗಬಾನಿನ ಲಂಬಾರೆನೆ, ಕೀನ್ಯಾದ ಕಿಲಿಫಿ ನಾಲ್ಕೂ ಕಡೆ. ಜಿನೀವಾದಲ್ಲಿ ಕೆಲವ್ರಿಗೆ ಕೀಲುನೋವು ಕಾಣಿಸ್ಕೊಂಡು ಡಿಸೆಂಬರ್‌ನಲ್ಲಿ ಅಲ್ಲಿ ತಡೆದ್ರು, ಮುಂದಿನ ಜನವರೀಲಿ ಡೋಸ್ ಇಳಿಸಿ ಮತ್ತೆ ಶುರು ಮಾಡಿದ್ರು. ಒಂದು ಊರಲ್ಲಿ ಕಂಡ ಲಕ್ಷಣ ಉಳಿದ ಮೂರೂರಿಗೂ ಬೇಕಾದ ಸುದ್ದಿ. ಇದಕ್ಕೆ ‘ಕೂಡುಕೆಲಸ’ ಅನ್ನೋದೇ ನನಗೆ ಇಷ್ಟ. ಕೊಲಾಬರೇಟರ್‌ಗೆ ಸಹಯೋಗಿ ಅನ್ನೋಣ ಅಂದ್ರೆ ಪಕ್ಕದಲ್ಲಿ ಕೂತಿರೋ ಇನ್ನೊಬ್ಬ ಯೋಗಿ ಥರ ಕೇಳ್ಸುತ್ತೆ, ಅದಕ್ಕೆ ಸದ್ಯಕ್ಕೆ ‘ಕೈಜೋಡಿಸಿದ ಸಂಸ್ಥೆ’ ಅಂತ ಇಟ್ಟಿದೀನಿ.

ವಾಲಂಟಿಯರ್‌ಗೆ ಸ್ವಯಂಸೇವಕ ಅಂದ್ರೆ ಬ್ಯಾಡ್ಜ್ ಹಾಕ್ಕೊಂಡು ನೀರು ಹಂಚೋರು ಅನ್ಸುತ್ತೆ. ‘ಪ್ರಯೋಗಕ್ಕೆ ಒಳಗಾಗುವವರು’ ಅಂದ್ರೆ ಅವ್ರನ್ನ ಪೂರಾ ಕರ್ಮಣಿ ಪ್ರಯೋಗ ಮಾಡಿಬಿಟ್ಟ ಹಾಗೆ. ‘ಒಪ್ಪಿ ಬಂದವರು’ ಅಂತ ಬರೆದಿದೀನಿ, ಒಪ್ಪಿಗೆ ಪದದೊಳಗೇ ಇದೆ. (ಲಸಿಕೆ ಅನ್ನೋದೂ ಸಂಸ್ಕೃತದ ಲಸೀಕಾ, ಮೈಯ ತಿಳಿದ್ರವ ಅಂತ ಮೂಲ ಅರ್ಥ. ಸಿಡುಬಿನ ಕಾಲದಲ್ಲಿ ಇಂಗ್ಲಿಷ್‌ನೋರೂ ಲಸಿಕೆಯನ್ನ ಲಿಂಫ್ ಅಂತಿದ್ರು, ಅದು ಇನ್ನೊಂದು ದಿನಕ್ಕೆ.)

ಈಗ ನನ್ನ ಪ್ರಶ್ನೆ. ‘ನಿಮಗೆ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಪ್ರಯೋಗ ಮಾಡಿಸುವವರದು’ ಅಂತ ಬರೆದು ಗೆಳತಿಗೆ ಓದಿ ಹೇಳಿದೆ, ಅವ್ಳು ಗಾಬರಿಯಾಗಿ ‘ಯಾರು ಯಾರ ಮೇಲೆ ಮಾಡಿಸ್ತಿದಾರೆ?’ ಅಂದ್ಲು. ಮಾಟದ ವಾಸನೆ ನನಗೆ ಹೊಳೆದೇ ಇರ್ಲಿಲ್ಲ! ಹಾಗಾದ್ರೆ ಪರೀಕ್ಷೆ ಅನ್ನೋಣ ಅಂತ ಬದಲಾಯಿಸಿದ್ರೆ ‘ಪರೀಕ್ಷೆ ಮಾಡಿಸುವವರು’ ಅಂದಾಗ ರಕ್ತ ಪರೀಕ್ಷೆಗೆ ಹೋಗಿರೋ ರೋಗಿಯೇ ಆಗ್ಬಿಡ್ತಾರೆ, ಖರ್ಚು ಅವ್ರ ತಲೆಗೇ ಬಂತು. ‘ಹೊಣೆ ಹೊತ್ತ ಸಂಸ್ಥೆ’ ಅಂದ್ರೆ ಸಾಕಾ, ಇಲ್ಲಾ ‘ಇಸು’ ಉಳಿಸ್ಕೊಂಡೇ ಮಾಟ ಬಿಡಿಸೋ ದಾರಿ ಯಾರಿಗಾದ್ರೂ ಹೊಳೆಯುತ್ತಾ?