ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆ ವೆಬ್ ಟೂಲ್‌ನಲ್ಲಿ ಓದಲು ಬರುತ್ತಿಲ್ಲ (ಬಗೆಹರಿದಿದೆ)

ಶಹಾಪುರ ಟೀಚರ್:
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ವೆಬ್ ಟೂಲ್ ಒಂದರಲ್ಲಿ ಜೋಡಿಸುವ ಆಟ, ಬಿಟ್ಟ ಸ್ಥಳ ತುಂಬುವ ಕ್ವಿಜ್ ಮಾಡುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಐದು ವರ್ಷದಿಂದ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಗಳಿವೆ. ವರ್ಡ್‌ನಲ್ಲಿ ಚೆನ್ನಾಗಿಯೇ ಕಾಣುತ್ತವೆ. ವೆಬ್ ಟೂಲ್‌ಗೆ ಪೇಸ್ಟ್ ಮಾಡಿದರೆ ಕನ್ನಡವೇ ಮಾಯ! ‘ಕ’ ಇದ್ದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ಪಕ್ಕದಲ್ಲಿ ತಲೆ ಮೇಲೆ ಸಣ್ಣ ಗೆರೆ ಇರುವ ‘ಎ’. ಬ್ರೌಸರ್ ಬದಲಿಸಿದೆ, ಟೂಲ್‌ನ ಭಾಷೆ ಕನ್ನಡಕ್ಕೆ ಇಟ್ಟೆ. ಏನೂ ಆಗಲಿಲ್ಲ. ಇನ್ನೂರು ಪ್ರಶ್ನೆ ಮತ್ತೆ ಟೈಪ್ ಮಾಡಬೇಕಾ?

ಬೀದರ್ ಕೀಲಿಮಣೆ:
ಬೇಡ ಮೇಡಂ, ಒಂದನ್ನೂ ಮತ್ತೆ ಟೈಪ್ ಮಾಡಬೇಡಿ. ನಿಮ್ಮ ಫೈಲ್ ಹಳೆಯ ಆಸ್ಕಿ ರೂಪದಲ್ಲಿದೆ. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೋರಿಸುತ್ತದೆ, ಅಷ್ಟೇ. ವೆಬ್ ಪುಟದಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಒಳಗಿದ್ದದ್ದು ಹೊರಗೆ ಬಂತು. ಖಾತ್ರಿ ಮಾಡಿಕೊಳ್ಳಲು ವರ್ಡ್‌ನಲ್ಲಿ ಒಂದು ಸಾಲಿನ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಅಲ್ಲೂ ಅದೇ ‘ಪಿ’, ‘ಎ’ ಕಾಣುತ್ತದೆ.

ಆಸ್ಕಿಯನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸುವ ಉಚಿತ ಕನ್ನಡ ಪರಿವರ್ತಕಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಹತ್ತು ಪ್ರಶ್ನೆ ಹಾಕಿ, ಬದಲಿಸಿ, ಓದಿ ನೋಡಿ, ಆಮೇಲೆ ಉಳಿದದ್ದು. ‘ವರ್ಷ’, ‘ಸೂರ್ಯ’ದಂಥ ಅರ್ಕಾವೊತ್ತಿನ ಪದಗಳನ್ನು ತಪ್ಪದೆ ನೋಡಿ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು.

ಇನ್ನು ಮುಂದೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇಟ್ಟುಕೊಂಡು ಟೈಪ್ ಮಾಡಿ. ಕೈಗೆ ರೂಢಿಯಾದದ್ದು ಬದಲಾಗುವುದಿಲ್ಲ, ಒತ್ತಕ್ಷರಕ್ಕೆ ಅದೇ ‘ಎಫ್’ ಕೀಲಿ.

ಶಹಾಪುರ ಟೀಚರ್:
ಅಕ್ಷರ ಬಂತು ಸರ್! ತುಂಬಾ ಧನ್ಯವಾದ. ಆದರೆ ಇವತ್ತು ತರಗತಿಯಲ್ಲಿ ಇನ್ನೊಂದು ತೊಂದರೆ. ‘ನಾಲ್ಕು ಮೂರಲೆ ಎಷ್ಟು?’ ಅನ್ನುವ ಪ್ರಶ್ನೆಗೆ ಒಬ್ಬಳು 12 ಎಂದು ಹಾಕಿದಳು. ಕೆಂಪು ಗುರುತು ಬಂತು. ಬೆರಳು ಮಡಿಸಿ ಮತ್ತೆ ಎಣಿಸಿದಳು, ಅಳಿಸಿ ಮತ್ತೆ 12 ಹಾಕಿದಳು. ಮತ್ತೆ ಕೆಂಪು. “ಹನ್ನೆರಡೇ ಬರ್ತದ್ರಿ ಟೀಚರ್, ಇದು ತಪ್ಪು ಅಂತದ್ರಿ” ಅಂದಳು. ಮೂರನೇ ಸಲ ಅವಳೇ 13 ಹಾಕಲು ಹೋದಳು. ನನಗೆ ಹೊಟ್ಟೆ ಚುರ್ ಅಂತು, ಕೂಡಲೇ ನಿಲ್ಲಿಸಿದೆ. ಬೇರೆ ಪ್ರಶ್ನೆಗಳಲ್ಲಿ ಹೀಗಾಗಿಲ್ಲ, ಉತ್ತರ ಅಂಕಿ ಇದ್ದ ಕಡೆ ಮಾತ್ರ.

ಬೀದರ್ ಕೀಲಿಮಣೆ:
ನಿಲ್ಲಿಸಿದ್ದು ಒಳ್ಳೆಯದಾಯಿತು. ಟೂಲ್‌ನಲ್ಲಿ ಆ ಪ್ರಶ್ನೆಯ ಸರಿಯುತ್ತರ ತೆರೆದು ನೋಡಿ. ೧೨ ಎಂದು ಇರಬೇಕು. ಕೆಲವು ಪರಿವರ್ತಕಗಳು ಅಂಕಿಗಳನ್ನೂ ಕನ್ನಡಕ್ಕೆ ಬದಲಿಸುತ್ತವೆ. ನಮ್ಮ ಕಣ್ಣಿಗೆ ಎರಡೂ ಹನ್ನೆರಡೇ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಒಂದಕ್ಕಿಂತ ಜಾಸ್ತಿ ಸರಿಯುತ್ತರ ಕೊಡುವ ಅವಕಾಶ ಇದ್ದರೆ 12, ೧೨ ಎರಡನ್ನೂ ಹಾಕಿ. ಉತ್ತರದ ಕೊನೆಯಲ್ಲಿ ಖಾಲಿ ಜಾಗ ಉಳಿದಿದ್ದರೂ ಕೆಲವು ಟೂಲ್‌ಗಳು ತಪ್ಪು ಅನ್ನುತ್ತವೆ, ಅದನ್ನೂ ತೆಗೆಯಿರಿ.

ಕಲಬುರಗಿ ಮಾಸ್ತರ:
ಊರಿನ ಹೆಸರಿಗೂ ಹಾಗೇ ಮಾಡಿ ಮೇಡಂ. ‘ಯಾದಗಿರಿ 2009ರಲ್ಲಿ ಯಾವ ಜಿಲ್ಲೆಯಿಂದ ಬೇರೆಯಾಯಿತು?’ ಎಂದು ಕೇಳಿದ್ದೆ. ನಾನು ಇಟ್ಟ ಉತ್ತರ ಕಲಬುರಗಿ. ಅರ್ಧ ಮಕ್ಕಳು ಗುಲ್ಬರ್ಗಾ ಎಂದು ಬರೆದರು. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಅಂದರೆ ಅವರು ಬರೆದದ್ದೂ ಸರಿ ಅಲ್ವಾ? ಈಗ ಎರಡನ್ನೂ ಒಪ್ಪುವಂತೆ ಇಟ್ಟಿದ್ದೇನೆ. ಗುಲಬರ್ಗಾ ಅನ್ನುವ ಕಾಗುಣಿತವನ್ನೂ ಸೇರಿಸಿದೆ.

ಶಹಾಪುರ ಟೀಚರ್:
೧೨ ಎಂದೇ ಇತ್ತು ಸರ್! ರಾತ್ರಿ ಕೂತು ಅಂಕಿ ಇದ್ದ ಪ್ರಶ್ನೆಗಳನ್ನೆಲ್ಲ ಸರಿ ಮಾಡಿದೆ. ಬೆಳಿಗ್ಗೆ ಮೊದಲು ಆ ಹುಡುಗಿಯನ್ನೇ ಕರೆದೆ. ತಪ್ಪು ನಿನ್ನದಲ್ಲ, ನಾನು ಉತ್ತರ ಹಾಕಿದ್ದ ರೀತಿಯಲ್ಲಿತ್ತು ಎಂದು ಹೇಳಿದೆ. 12 ಹಾಕಿದಳು, ಹಸಿರು ಬಂತು. ಆಮೇಲೆ ೧೨ ಅನ್ನೂ ಹಾಕಿ ನೋಡಿದಳು.