ಹೆಂಡತಿಗೆ ಮೊದಲ ಸಲ ಫ್ಲೈ ಫಿಶಿಂಗ್: ಡೆನ್ವರ್ ಹತ್ತಿರ ಎಲ್ಲಿಗೆ ಹೋಗೋದು? ಗೈಡ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕೊಲೊರಾಡೊ ಕನ್ನಡದವರಿಗೆ ನಮಸ್ಕಾರ. ಫ್ಲೈ ಫಿಶಿಂಗ್ ಗೈಡ್ ಆಗಿರುವ ನಮ್ಮ ಸದಸ್ಯರೊಬ್ಬರು ಇವತ್ತು ಉತ್ತರ ಕೊಡುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಮೊದಲ ಸಲ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋದೇ ವಿಷಯ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅರೋರಾ ಸದಸ್ಯ: ಸರ್, ಜೂನ್ ಮೊದಲ ವಾರ ಹೆಂಡತಿಯನ್ನು ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕ್ಯಾನ್ಯನ್‌ಗೆ (ಕಣಿವೆ) ಕರೆದುಕೊಂಡು ಹೋಗ್ತಿದ್ದೇನೆ. ನನಗೆ ಅದು ಬಹಳ ಇಷ್ಟದ ಜಾಗ. ಅವಳಿಗೆ ಈಜು ಬರಲ್ಲ, ಆದರೆ ನಾನು ಪಕ್ಕದಲ್ಲೇ ಇರ್ತೀನಿ. ಗೆಳೆಯನ ವೇಡರ್ (ಎದೆವರೆಗೆ ಬರೋ, ನೀರು ಒಳಗೆ ಬಿಡದ ಪ್ಯಾಂಟ್) ತಂದಿದ್ದೇನೆ, ಸ್ವಲ್ಪ ದೊಡ್ಡದು. ಯಾವ ಫ್ಲೈ (ಹುಳುವಿನ ಹಾಗೆ ಕಾಣೋ ಕೊಕ್ಕೆ) ಕಟ್ಟಲಿ?

ಗೈಡ್: ಸರ್ ಅಲ್ಲ, ಮೇಡಂ. ಫ್ಲೈ ವಿಷಯ ಬಿಡಿ, ಮೊದಲು ಜಾಗ ಬದಲಾಯಿಸಿ. ಚೀಸ್‌ಮನ್ ನಿಮಗೆ ಇಷ್ಟ, ಅವರಿಗಲ್ಲ. ಕಾರು ನಿಲ್ಲಿಸಿ ನಡೆದು ಹೋಗಬೇಕು, ಹೊಳೆ ತುಂಬ ದೊಡ್ಡ ದೊಡ್ಡ ಬಂಡೆ. ನೀರು ಕನ್ನಡಿ ತರಹ ಸ್ವಚ್ಛ, ಅಲ್ಲಿನ ಟ್ರೌಟ್ ಮೀನುಗಳು ಎಲ್ಲ ಫ್ಲೈ ನೋಡಿ ಬೇಸತ್ತಿವೆ. ಅಕ್ಕಿಕಾಳಿಗಿಂತ ಚಿಕ್ಕ ಫ್ಲೈ ಕಟ್ಟಿ ವರ್ಷಗಟ್ಟಲೆ ಅಭ್ಯಾಸ ಇರುವವರೇ ಬರಿಗೈಯಲ್ಲಿ ವಾಪಸ್ ಬರ್ತಾರೆ.

ನನಗೆ ನಿಜವಾಗಿ ಭಯ ಆಗಿದ್ದು ಆ ವೇಡರ್ ಮಾತಿಗೆ. ನೀರು ಅಣೆಕಟ್ಟಿನ ಕೆಳಗಿನಿಂದ ಬರೋದು, ಕೊರೆಯುವಷ್ಟು ತಣ್ಣಗಿರುತ್ತೆ. ಎಷ್ಟು ಬಿಡ್ತಾರೆ ಅನ್ನೋದು ಬದಲಾಗ್ತಾ ಇರುತ್ತೆ. ವೇಡರ್ ಸಡಿಲ ಇದ್ದು, ಸೊಂಟಕ್ಕೆ ಬೆಲ್ಟ್ ಇಲ್ಲದೆ ಕಾಲು ಜಾರಿದರೆ ಒಳಗೆಲ್ಲ ನೀರು ತುಂಬುತ್ತೆ, ಆಮೇಲೆ ಎದ್ದು ನಿಲ್ಲೋಕೇ ಆಗಲ್ಲ. ಈಜು ಬಾರದವರು ಮೊದಲ ದಿನ ನೀರಿಗೆ ಇಳಿಯೋದೇ ಬೇಡ. ನೀವು ಪಕ್ಕದಲ್ಲಿ ಇದ್ದರೆ ಇಬ್ಬರೂ ಕೊಚ್ಚಿಕೊಂಡು ಹೋಗ್ತೀರಿ, ಅಷ್ಟೇ. ಒಂದು ಲೆಕ್ಕ ಇದೆ: ಆಳ ಎಷ್ಟು ಅಡಿ, ನೀರು ಸೆಕೆಂಡಿಗೆ ಎಷ್ಟು ಅಡಿ ಓಡುತ್ತೆ, ಎರಡನ್ನೂ ಗುಣಿಸಿ. 10 ಬಂದರೆ ಯಾರೂ ಇಳಿಯಬಾರದು. ಹೊಸಬರಿಗೆ ನಾನು 5ರ ಮೇಲೆ ಬಿಡಲ್ಲ.

ಮೊದಲು ಮನೆ ಹತ್ತಿರದ ಪಾರ್ಕಿನ ಹುಲ್ಲಿನ ಮೇಲೆ ಲೈನ್ ಬೀಸೋದು ಕಲಿಯಲಿ, ತುದಿಗೆ ಕೊಕ್ಕೆ ಬದಲು ಉಲ್ಲನ್ ದಾರ ಕಟ್ಟಿ. ಆಮೇಲೆ ಬ್ಲೂಗಿಲ್ ಮೀನು ಇರುವ ಯಾವುದಾದರೂ ಕೆರೆ. ಬ್ಲೂಗಿಲ್‌ಗೆ ಚೂಸಿ ಅನ್ನೋ ಸ್ವಭಾವವೇ ಇಲ್ಲ, ಏನು ಬಿದ್ದರೂ ಕಚ್ಚುತ್ತೆ. ಮೊದಲ ದಿನ ಕೈಗೆ ಆ ಎಳೆತ ಸಿಗಬೇಕು. ಹಿಮ ಕರಗಿದ ನೀರು ಇಳಿದ ಮೇಲೆ, ಜುಲೈಯಲ್ಲಿ, ಬೇರ್ ಕ್ರೀಕ್‌ಗೆ ಬನ್ನಿ. ಲೇರ್ ಓ ದ ಬೇರ್ ಪಾರ್ಕಿನಲ್ಲಿ ಪಾರ್ಕಿಂಗ್, ಟಾಯ್ಲೆಟ್, ಸಮತಟ್ಟು ದಾರಿ ಎಲ್ಲ ಇದೆ. ಥರ್ಮಾಮೀಟರ್ ಇಟ್ಕೊಳ್ಳಿ. ನೀರು 67 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಟ್ರೌಟ್‌ಗೆ ಉಸಿರು ಕಟ್ಟುತ್ತೆ, ಲೈನ್ ಸುತ್ತಿ ಮನೆಗೆ ಹೋಗಿ. ಮತ್ತೆ ಅವತ್ತು ನಿಮ್ಮ ರಾಡ್ ಕಾರಲ್ಲೇ ಇರಲಿ.

ಬೋಲ್ಡರ್ ಸದಸ್ಯೆ: ಲೈಸೆನ್ಸ್ ಬೇಕಾ ಮೇಡಂ?

ಗೈಡ್: 16 ತುಂಬಿದ ಎಲ್ಲರಿಗೂ ಬೇಕು.

ಲಿಟಲ್ಟನ್ ಸದಸ್ಯ: ಸೌತ್ ಪ್ಲಾಟ್ ನದಿಯ ಡ್ರೀಮ್ ಸ್ಟ್ರೀಮ್ ಅನ್ನೋ ಭಾಗ ಹೇಗೆ? ಹಿಂದೆ ಒಂದೂ ಮರ ಇಲ್ಲ, ಲೈನ್ ಸಿಕ್ಕಿಕೊಳ್ಳಲ್ಲ ಅಲ್ವಾ?

ಗೈಡ್: ಮರ ಇಲ್ಲ, ಗಾಳಿ ಇದೆ. ಹೊಸಬರ ಫ್ಲೈ ಬಂದು ನಿಮ್ಮ ಕಿವಿಗೇ ಚುಚ್ಚುತ್ತೆ.

ಪಾರ್ಕರ್ ಸದಸ್ಯ: ಕೊಕ್ಕೆ ಚುಚ್ಚಿದರೆ ಹೆದರಬೇಡಿ. ಬಂದಿದ್ದನ್ನು ಹಾಕ್ತಿದ್ದೇನೆ: *ಗಾಯಕ್ಕೆ ಕಾಫಿ ಪುಡಿ, ಅರಿಶಿನ ತುಂಬಿ ಕೊಕ್ಕೆ ಎಳೆದರೆ ನೋವೇ ಇಲ್ಲ. ಮಿಂಚು ಬಂದರೆ ರಬ್ಬರ್ ಬೂಟು ಕಾಪಾಡುತ್ತೆ. ಎಲ್ಲರಿಗೂ ಕಳಿಸಿ.* 🙏

ಗೈಡ್: ಕಾಫಿ ಪುಡಿ ಫಿಲ್ಟರ್‌ಗೆ ಹಾಕಿ. ಮನೆಯಿಂದ ಹೊರಡುವ ಮುಂಚೆ ಇಕ್ಕಳದಲ್ಲಿ ಕೊಕ್ಕೆಯ ಹಿಮ್ಮುಳ್ಳು ಒತ್ತಿ ಚಪ್ಪಟೆ ಮಾಡಿ. ಹತ್ತಿ ಬಟ್ಟೆಗೆ ಚುಚ್ಚಿ ನೋಡಿ, ಎಳೆ ಕೀಳದೆ ಹೊರಗೆ ಬಂದರೆ ಚರ್ಮದಿಂದಲೂ ಸಲೀಸಾಗಿ ಬರುತ್ತೆ. ಕಣ್ಣಿಗೆ ಅಥವಾ ಕಣ್ಣಿನ ಹತ್ತಿರ ಚುಚ್ಚಿದರೆ ಎಳೆಯಲೇಬೇಡಿ. ಒತ್ತದ ಹಾಗೆ ಪೇಪರ್ ಕಪ್ ಮುಚ್ಚಿ ನೇರ ಎಮರ್ಜೆನ್ಸಿಗೆ ಹೋಗಿ. ಕನ್ನಡಕ, ಟೋಪಿ ಇಲ್ಲದವರಿಗೆ ನಾನು ರಾಡ್ ಕೊಡೋದೇ ಇಲ್ಲ. ಇನ್ನು ಮಿಂಚು. ನಿಮ್ಮ ಕೈಯಲ್ಲಿರೋದು ಒಂಬತ್ತು ಅಡಿ ಗ್ರಾಫೈಟ್, ಅದರಲ್ಲಿ ಕರೆಂಟ್ ಹರಿಯುತ್ತೆ. ಬೂಟು ಏನೂ ಮಾಡಲ್ಲ. ಗುಡುಗು ಕೇಳಿದ ತಕ್ಷಣ ರಾಡ್ ಕೆಳಗಿಟ್ಟು ಕಾರಿಗೆ ಹೋಗಿ, ಕೊನೇ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಆಗ್ತಿದ್ದ ಹಾಗೆ ಮೋಡ ಕಟ್ಟುತ್ತೆ, ಅದಕ್ಕೇ ಬೆಳಗ್ಗೆ ಹೋಗಿ ಅನ್ನೋದು.

ಪಾರ್ಕರ್ ಸದಸ್ಯ: ಒಳ್ಳೇದಕ್ಕೆ ಅಂತ ಹಾಕಿದ್ದು ಮೇಡಂ. ನಮ್ಮಜ್ಜಿ ಎಲ್ಲದಕ್ಕೂ ಅರಿಶಿನವೇ ಹಚ್ತಿದ್ದರು.

ಲಿಟಲ್ಟನ್ ಸದಸ್ಯ: ನಿಮ್ಮಜ್ಜಿ ಟ್ರೌಟ್ ಹಿಡೀತಿದ್ದರಾ?

ಫೋರ್ಟ್ ಕಾಲಿನ್ಸ್ ಸದಸ್ಯೆ: ಪವರ್ ಇರೋ ಪೋಲರೈಸ್ಡ್ ಕನ್ನಡಕ ಎಲ್ಲಿ ಸಿಗುತ್ತೆ?

ಬೆಂಗಳೂರು ಸದಸ್ಯ: ಮೀನು ಹಿಡಿದು ಮತ್ತೆ ನೀರಿಗೇ ಬಿಡೋದಾದರೆ ಹಿಡಿಯೋದ್ಯಾಕೆ? ಸುಮ್ನೆ ಹಿಂಸೆ. ತಿನ್ನೋರು ಹಿಡೀಲಿ.

ಲಿಟಲ್ಟನ್ ಸದಸ್ಯ: ನಿಮ್ಮ ಕಾವೇರಿಯ ಮಹಶೀರ್ ಮೀನುಗಳನ್ನು ಎಲ್ಲರೂ ತಿನ್ನೋಕೇ ಹಿಡಿದಿದ್ದರೆ ಒಂದೂ ಉಳೀತಿರಲಿಲ್ಲ.

ಬೆಂಗಳೂರು ಸದಸ್ಯ: ಉಳಿದಿದ್ದೆಷ್ಟು ಸ್ವಾಮಿ? ಆ ಕಿತ್ತಳೆ ರೆಕ್ಕೆಯ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗುರುತಿಸಿದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಅಳಿವಿನ ಅಂಚಿಗೆ ಬಂದಿತ್ತು. ಹಿಡಿದು ಬಿಡುವ ಕ್ಯಾಂಪುಗಳು ಇದ್ದ ಹೊಳೆಯಲ್ಲೇ.

ಲಿಟಲ್ಟನ್ ಸದಸ್ಯ: ಹೊಳೆಗೆ ಡೈನಮೈಟ್ ಹಾಕಿ ಮೀನು ಕೊಂದವರನ್ನು ಕೇಳಿ, ನಮ್ಮನ್ನಲ್ಲ. ಕ್ಯಾಂಪ್ ಇದ್ದಾಗ ಕಾವಲಾದರೂ ಇತ್ತು.

ಅಡ್ಮಿನ್: ವಿಷಯಕ್ಕೆ ಬನ್ನಿ.

ಸೆಂಟೆನಿಯಲ್ ಸದಸ್ಯ: ಕ್ಲಿಯರ್ ಕ್ರೀಕ್ ಆಗುತ್ತಾ? ಮತ್ತೆ ಲೈಸೆನ್ಸ್ ಇಬ್ಬರಿಗೂ ಬೇಕಾ?

ಗೈಡ್: ಜೂನ್‌ನಲ್ಲಿ ಅಲ್ಲಿ ರಾಫ್ಟ್ ಓಡ್ತವೆ, ಅದರಲ್ಲೇ ಅರ್ಥ ಮಾಡ್ಕೊಳ್ಳಿ. ಲೈಸೆನ್ಸ್ ಮೇಲೆ ಓದಿ.

ಸೆಂಟೆನಿಯಲ್ ಸದಸ್ಯ: ಕೇಳಿದ್ದಕ್ಕೆ ಸರಿಯಾಗಿ ಹೇಳಿದರೆ ಏನು ಹೋಗುತ್ತೆ?

ಗೈಡ್: ಓದಿದರೆ ಏನು ಹೋಗುತ್ತೆ?

ಅರೋರಾ ಸದಸ್ಯ: ಮೇಡಂ, ಹೆಂಡತಿ ಇದನ್ನೆಲ್ಲ ಓದಿದಳು. ಕೆರೆಗೆ ಒಪ್ಪಿದ್ದಾಳೆ, ಆದರೆ ನಾನು ಕಲಿಸೋದು ಬೇಡವಂತೆ. ನಿಮ್ಮ ಜೂನ್ ಡೇಟ್ ಖಾಲಿ ಇದೆಯಾ?

ಗೈಡ್: ಅವರೇ ಮೆಸೇಜ್ ಮಾಡಲಿ. ಆ ವೇಡರ್ ಗೆಳೆಯನಿಗೆ ವಾಪಸ್ ಕೊಡಿ.